ದೀಪ ಹಚ್ಚಿದ ಮೇಲೆ ಹೆಪ್ಪು

ಮೊನ್ನೆ ಸಂಜೆ ಬಾಜೂ ಮನೆಯ ಗಂಗಕ್ಕ ಬಟ್ಟಲಿನಂಥ ವಾಟಗ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ಅವರ ಮನೆಯ ಬೆಕ್ಕು ಮೊಸರಿನ ಗಡಿಗೆಗೆ ಬಾಯಿ ಹಾಕಿತ್ತಂತೆ. ಕಾಸಿಟ್ಟ ಹಾಲಿಗೆ ಒಂದು ಚಮಚ ಹೆಪ್ಪು ಬೇಕಾಗಿತ್ತು. ನಮ್ಮವ್ವ ಆಗಷ್ಟೇ ದೇವರ ಮುಂದೆ ದೀಪ ಹಚ್ಚಿ ಎದ್ದಿದ್ದಳು.

"ದೀಪ ಹಚ್ಚೇನವಾ ಗಂಗಾ. ಮುಂಜಾನಿ ಬಾ."

"ಅಯ್ಯ, ಒಂದ ಚಮಚ ಬೇ!"

"ಚಮಚ ಇರಲಿ, ಹನಿ ಇರಲಿ. ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಟ್ರ ಮನಿ ಲಕ್ಷ್ಮಿ ಅದರ ಕೂಡ ಹೋಗತಾಳ."

ನಮ್ಮ ಮನೆಗೆ ಲಕ್ಷ್ಮಿ ಬಂದದ್ದೇ ನನಗೆ ನೆನಪಿಲ್ಲ, ಹೋಗುವ ಮಾತು ಆಮೇಲೆ. ಆದರೆ ಅವ್ವನ ಮುಂದೆ ಇದನ್ನು ಹೇಳುವಷ್ಟು ಧೈರ್ಯ ನನ್ನ ಯಾವ ಧ್ವನಿಯಲ್ಲೂ ಇಲ್ಲ. ಗಂಗಕ್ಕ ಖಾಲಿ ವಾಟಗ ಬೀಸಿಕೊಂಡು ಹೋದಳು. ಅವ್ವ ಗಡಿಗೆಯ ಮುಚ್ಚಳ ತೆರೆದು, ಮೊಸರು ಇನ್ನೂ ತನ್ನದೇ ಎಂದು ಖಾತ್ರಿ ಮಾಡಿಕೊಂಡು ಮುಚ್ಚಿದಳು. ಆ ಹುಳಿ ವಾಸನೆ ನನ್ನ ಮೂಗಿಗೆ ಬಂತು ನೋಡಿ, ನೆನಪಾದದ್ದು ಮೊಸರಲ್ಲ, ಮಜ್ಜಿಗೆಯೂ ಅಲ್ಲ, ಗಟಾರದ ನೀರು. ಮುಖ ಕಿವುಚಬೇಡಿ. ಒಂದು ಕಾಲಕ್ಕೆ ನಾನು ಆ ನೀರಿನ ಉಪ್ಪು ತಿಂದವನು.

ಮುಂದೆ ಹೋಗುವ ಮೊದಲು ನನ್ನ ಚಟ ಹೇಳಿಬಿಡುತ್ತೇನೆ, ಆಮೇಲೆ ಮೋಸ ಆಯಿತು ಅನ್ನಬಾರದು. ನಾನು ಮಂದಿಯ ಧ್ವನಿ ಮಾಡುತ್ತೇನೆ. ಜಮಖಂಡಿ ಬಸ್ಸಿನ ಕಂಡಕ್ಟರ್, ಸಾಲಿಯ ಗಣಿತದ ಮಾಸ್ತರು, ಎಳೆ ಹರಿದಾಗ ಒದರುವ ಮಗ್ಗ, ಗಂಗಕ್ಕನ ಗಂಡನ ಸೀನು, ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗಿವೆ. ಹೀಗಾಗಿ ನಮ್ಮ ಓಣಿಯಲ್ಲಿ ನಾನು ಬಾಗಿಲು ಬಡಿದರೆ ಯಾರೂ 'ಯಾರು' ಅನ್ನುವುದಿಲ್ಲ, 'ಇವತ್ತ ಯಾರಾಗಿ ಬಂದೀಲೇ' ಅನ್ನುತ್ತಾರೆ.

ನಮ್ಮ ಬನಹಟ್ಟಿ ನೇಕಾರರ ಊರು. ಹಿಂದೆ ಇಲ್ಲಿ ಹಳ್ಳದ ನೀರು ನೋಡಿ ಮದುವೆಯ ಸುಗ್ಗಿ ಹೇಳುತ್ತಿದ್ದರಂತೆ. ಹಳ್ಳ ಕೆಂಪಗೆ ಹರಿದರೆ ವ್ಯಾಪಾರಿಗಳು ಧಾರೆ ಸೀರೆ ಕೇಳಿದ್ದಾರೆ, ಹಸಿರಾದರೆ ಉಡಿ ತುಂಬುವ ಸೀರೆ. ನೂಲಿಗೆ ಬಣ್ಣ ಕುಡಿಸಿ ತೊಳೆದ ನೀರನ್ನೆಲ್ಲ ಸೀದಾ ಹಳ್ಳಕ್ಕೆ ಬಿಡುತ್ತಿದ್ದ ಕಾಲ ಅದು. ನಮ್ಮಜ್ಜನ ಬಿಳಿ ಆಡು ಒಂದು ಸಲ ಹಳ್ಳಕ್ಕೆ ಬಿದ್ದು ಎದ್ದು ಬಂದಾಗ ಗುಲಾಬಿಯಾಗಿತ್ತಂತೆ. ಮುಂದೆ ಅದನ್ನು ಕೊಂಡವನು, ಬಣ್ಣ ಹೋಯಿತೆಂದು ತಿರುಗಿ ತಂದು ಕಟ್ಟಿದನಂತೆ. ಅಜ್ಜ ಹೇಳಿದ್ದರಲ್ಲಿ ಅರ್ಧ ಸುಳ್ಳು, ಆದರೆ ಆಡು ಬಿದ್ದದ್ದು ಖರೆ.

ನಾನು ಕೆಮಿಸ್ಟ್ರಿ ಓದಿ ಸೇರಿದ ನೂಲು ಬಣ್ಣದ ಕಾರ್ಖಾನೆಯ ಮಾಲಕರಿಗೆ ಪರಿಸರದ ಮೇಲೆ ಪ್ರೀತಿ ಹುಟ್ಟಿದ್ದು ಮಾಲಿನ್ಯ ಮಂಡಳಿಯ ನೋಟೀಸು ಬಂದ ಮರುದಿನ. ಕಾರ್ಖಾನೆಯ ಹಿಂದೆ ನೀರು ಶುದ್ಧ ಮಾಡುವ ಘಟಕ ಎದ್ದಿತು. ಮೊದಲು ಒಂದು ಹೊಂಡ. ಅಲ್ಲಿ ಬಣ್ಣದ ನೀರಿಗೆ ಸುಣ್ಣ, ಪಟಕ ಹಾಕಿ ತಿರುವಿದರೆ ಬಣ್ಣವೆಲ್ಲ ಒಡೆದ ಹಾಲಿನ ಹಾಗೆ ಕಣಕಣವಾಗಿ ತಳಕ್ಕೆ ಕೂಡುತ್ತದೆ. ಆದರೆ ನೂಲಿಗೆ ಹಚ್ಚಿದ ಗಂಜಿ ನೀರಿನಲ್ಲೇ ಕರಗಿ ಉಳಿಯುತ್ತದೆ. ಅದನ್ನು ತಿನ್ನುವುದಕ್ಕೆ ಎರಡನೆಯ ಹೊಂಡದಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಗಳು. ಅವುಗಳಿಗೆ ಉಸಿರು ಬೇಕಲ್ಲ, ಅದಕ್ಕೊಂದು ಗಾಳಿ ಮಷೀನು. ಹಗಲೂ ರಾತ್ರಿ ತಳದಿಂದ ಗುಳ್ಳೆ ಎಬ್ಬಿಸುತ್ತ ಹೊಂಡವನ್ನು ಚಹಾದ ಹಾಗೆ ಕುದಿಸುತ್ತಿರಬೇಕು. ಕಡೆಗೆ ತಿಳಿಯಾದ ನೀರು ಒಂದು ಚಿಕ್ಕ ಕೊಳಕ್ಕೆ. ಆ ಕೊಳದಲ್ಲಿ ಮಂಡಳಿಯಿಂದ ತಪಾಸಣೆಗೆ ಬರುವ ಸಾಹೇಬರಿಗೆ ತೋರಿಸಲಿಕ್ಕೆ ಮೀನು. ಮೀನು ಸಾಯದಿದ್ದರೆ ನೀರು ಛಲೋ ಎಂದು ಲೆಕ್ಕ. ಸಾಹೇಬರು ಬರುವ ದಿನ ಬೆಳಿಗ್ಗೆ ಮಾಲಕರು ಮುಧೋಳದಿಂದ ಹೊಸ ಮೀನು ತರಿಸುತ್ತಿದ್ದರು ಎಂಬುದು ಬೇರೆ ಮಾತು.

ಆ ಎರಡನೆಯ ಹೊಂಡವನ್ನು ನೋಡಿಕೊಳ್ಳುತ್ತಿದ್ದವನು ಹುನ್ನೂರಿನ ಮಾಳಪ್ಪ ಕಾಕಾ. ಕುರುಬರ ದೇವರು ಬೀರೇಶ್ವರನ ಒಕ್ಕಲು. ಆಯುಷ್ಯವೆಲ್ಲ ಕುರಿ ಕಾದು, ಮೊಣಕಾಲು ಹಿಡಿದ ಮೇಲೆ ಕುರಿಗಳನ್ನು ತಮ್ಮನಿಗೆ ಬಿಟ್ಟು ಬಂದಿದ್ದ. ಮೊದಲ ದಿನ ನಾನು ಕೋಟು ಹಾಕಿಕೊಂಡು, ನಮ್ಮ ಕಾಲೇಜಿನ ಪ್ರೊಫೆಸರರ ಧ್ವನಿಯಲ್ಲಿ ಸೂಕ್ಷ್ಮಜೀವಿಗಳ ಮೇಲೆ ಉಪನ್ಯಾಸ ಕೊಟ್ಟೆ. ಕಾಕಾ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ.

"ಕಣ್ಣಿಗೆ ಕಾಣಂಗಿಲ್ಲ ಅಂತಿ. ಹಂಗಾದ್ರ ಎಣಿಸೂದು ಹೆಂಗ?"

ನಾನು ಉದ್ದನೆಯ ಗಾಜಿನ ಜಾಡಿಯಲ್ಲಿ ಹೊಂಡದ ನೀರು ತುಂಬಿ ಇಟ್ಟೆ. ಅರ್ಧ ತಾಸಿಗೆ ಕಂದು ಬಣ್ಣದ್ದೆಲ್ಲ ಕೆಳಗೆ ಕೂತು ಮೇಲೆ ತಿಳಿನೀರು ನಿಂತಿತು. ಎಷ್ಟು ಎತ್ತರ ಕೂತಿದೆಯೋ ಅಷ್ಟು ಜೀವ ಇವೆ ಎಂದೆ.

"ಸಂಜಿಮುಂದ ದೊಡ್ಡ್ಯಾಗ ಕೂಡಿದ ಮ್ಯಾಲೆ ಎಣಿಸಿದಂಗ ಅನ್ನು," ಎಂದ ಕಾಕಾ. "ಮತ್ತ ಸುಮ್ನ ಇಷ್ಟೊತ್ತು ಯಾಕ ಇಂಗ್ಲೀಷ್ ಮಾತಾಡಿದಿ?"

ಅಂದಿನಿಂದ ಅವು ಕುರಿಗಳಾದವು. 'ಇವತ್ತ ಕುರಿಗೆ ಮೇವು ಕಡಿಮಿ ಆಗೇತಿ, ಗಂಜಿ ನೀರು ಜರಾ ಹೆಚ್ಚ ಬಿಡು' ಎನ್ನುವನು. ಐತವಾರ ಗಾಳಿ ಮಷೀನಿಗೆ ಬೀರೇಶ್ವರನ ಭಂಡಾರದ ಅರಿಷಿಣ ಹಚ್ಚುವನು. ದಿನಾ ಬೆಳಿಗ್ಗೆ ಬೊಗಸೆ ನೀರು ಮೂಗಿಗೆ ಹಿಡಿಯುವನು. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಕುರಿ ಆರಾಮ ಇವೆ. ನನ್ನ ಪುಸ್ತಕ ಇದೇ ಮಾತನ್ನು ಹೇಳಲು ಮೂರು ಪುಟ, ಎರಡು ನಕ್ಷೆ ತೆಗೆದುಕೊಂಡಿತ್ತು. ನಾನು ಕಾಕಾನ ಧ್ವನಿಯನ್ನೂ ಮಾಡುತ್ತಿದ್ದೆ. ಅವನು ಕುರಿ ತಿರುವಲು 'ಹುರ್ರ್ ಹ್ಯಾ' ಅನ್ನುವುದನ್ನು ಹೊಂಡದ ಕಟ್ಟೆಯ ಮೇಲೆ ನಿಂತು ಮಾಡಿ ತೋರಿಸಿದರೆ, ತಲೆಯ ರುಮಾಲು ಕೆಳಗೆ ಬೀಳುವ ಹಾಗೆ ನಗುತ್ತಿದ್ದ.

ಆದರೆ ನನ್ನ ಅತ್ಯುತ್ತಮ ಕೃತಿ ಮಾಲಕರು. ಅವರ ಮಾತು ಎರಡು ಕೆಮ್ಮಿನಿಂದ ಶುರುವಾಗಿ 'ತಿಳೀತಿಲ್ಲೋ?' ಎಂಬುದರಲ್ಲಿ ಮುಗಿಯುತ್ತಿತ್ತು. ನಡುವೆ ಬರುವುದು ಬಹುತೇಕ ಗಾಳಿ ಮಷೀನಿನ ವಿಷಯ. "ಮನ್ಯಾಗ ಮಂದಿ ಇಲ್ಲಂದ್ರ ನಾವು ಫ್ಯಾನ್ ಬಂದ್ ಮಾಡತೇವಿ. ಈ ಹುಳಕ್ಕ ಇಪ್ಪತ್ನಾಲ್ಕು ತಾಸು ಗಾಳಿ ಬೇಕೇನು? ಮೀಟರ್ ನೋಡೀಯೇನು, ಭಿರಭಿರ ತಿರಗಾಕತ್ತೇತಿ. ತಿಳೀತಿಲ್ಲೋ?" ದಿನಾ ಹೀಗೆ ಹೇಳುವರು, ಬಂದ್ ಮಾಡು ಎಂದು ಮಾತ್ರ ಎಂದೂ ಹೇಳಿರಲಿಲ್ಲ. ನೋಟೀಸಿನ ಅಂಜಿಕೆ.

ಅವರು ಹೇಳದ ಆ ಒಂದು ಮಾತನ್ನು ನಾನು ಹೇಳಿದೆ.

ಒಂದು ಮಧ್ಯಾಹ್ನ ನನ್ನ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುತ್ತ ಬೇಸರವಾಗಿತ್ತು. ಪ್ರಯೋಗಾಲಯ ಎಂದರೆ ಒಂದು ನಳ, ಒಂದು ಮೇಜು, ಒಂದು ನಾನು. ಮಗ್ಗದ ಶೆಡ್ಡಿಗೆ ಅಂಟಿಕೊಂಡಿದ್ದ ಮಾಲಕರ ಖೋಲಿ, ಪ್ರಯೋಗಾಲಯ, ಹೊಂಡ, ಮೂರಕ್ಕೂ ಒಳಗೊಳಗೇ ಮಾತಾಡುವ ಹಳೆಯ ಫೋನು ಇತ್ತು. ಎತ್ತಿದೆ. ಎರಡು ಸಲ ಕೆಮ್ಮಿದೆ. "ಮಾಳಪ್ಪಾ, ಆ ಗಾಳಿ ಮಷೀನ ಬಂದ್ ಮಾಡು. ನಾ ಹೇಳೂತನಕಾ ಚಾಲೂ ಮಾಡಬ್ಯಾಡ. ತಿಳೀತಿಲ್ಲೋ?"

ಆ ಕಡೆಯಿಂದ, "ಹೂನ್ರೀ."

ಐದು ನಿಮಿಷ ಬಿಟ್ಟು ಹೊಂಡಕ್ಕೆ ಹೋಗಿ ನಗಬೇಕು ಎಂದಿತ್ತು. ಅಷ್ಟರಲ್ಲಿ ಹೊರಗೆ ಹಾರ್ನು. ಬೀಳಗಿಯಲ್ಲಿ ನನ್ನ ಸೋದರತ್ತೆಯ ಮಗನ ಮದುವೆ, ಅರಿಷಿಣದ ದಿನ ನನ್ನ ಮಿಮಿಕ್ರಿ, ಗೆಳೆಯ ಬೈಕು ತಂದು ನಿಲ್ಲಿಸಿದ್ದ. ಹತ್ತಿ ಹೋದೆ. ಬೀಳಗಿಯಲ್ಲಿ ಎರಡು ದಿನ ಮಂದಿ ಹೊಟ್ಟೆ ಹಿಡಿದು ನಕ್ಕರು. ಮಾಲಕರ ಧ್ವನಿಯನ್ನೂ ಮಾಡಿದೆ, ಒನ್ಸ್ ಮೋರ್ ಬಂತು. ಒನ್ಸ್ ಮೋರ್ ಹೇಳುವಾಗಲೂ ನನಗೆ ಮಷೀನು ನೆನಪಾಗಲಿಲ್ಲ. ಕಲಾವಿದರ ಮರೆವು ಎಂದು ಸಮಾಧಾನ ಮಾಡಿಕೊಳ್ಳಬಹುದು. ಮಾಲಕರು ನೂಲು ಕೊಳ್ಳಲು ಅದೇ ಸಂಜೆ ಸೊಲ್ಲಾಪುರಕ್ಕೆ ಹೋಗಿದ್ದರಿಂದ ಅವರಿಗೂ ಗೊತ್ತಾಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಗೇಟಿನಲ್ಲಿ ಇಳಿಯುವಾಗಲೇ ಮೂಗಿಗೆ ಕೊಳೆತ ತತ್ತಿಯ ವಾಸನೆ. ಆಗ ನೆನಪಾಯಿತು. ಓಡಿದೆ. ಚಹಾದ ಬಣ್ಣದ ಹೊಂಡ ಡಾಂಬರಿನ ಹಾಗೆ ಕರ್ರಗೆ ನಿಂತಿತ್ತು. ಒಂದು ಗುಳ್ಳೆ ಇಲ್ಲ. ಮೂಲೆಯಲ್ಲಿ ಮಾಳಪ್ಪ ಕಾಕಾ ಉದ್ದನೆಯ ಬಿದಿರು ಹಿಡಿದು ನೀರು ತಿರುವುತ್ತಿದ್ದ. ಸ್ವಲ್ಪ ತಿರುವಿ, ಬಿದಿರು ಇಟ್ಟು, ಬಕೀಟಿನಿಂದ ನೀರೆತ್ತಿ ತಲೆಯ ಎತ್ತರದಿಂದ ಸುರಿಯುವನು. ಮತ್ತೆ ಬಿದಿರು. ಅಂಗೈಗೆ ಅರಿವೆ ಸುತ್ತಿದ್ದ, ಅರಿವೆಯಲ್ಲಿ ರಕ್ತ ಇಂಗಿತ್ತು.

"ಮಾಲಕ್ರು ಮಷೀನ ಬಂದ್ ಮಾಡು ಅಂದ್ರು," ಎಂದ, ನನ್ನ ಕಡೆ ನೋಡದೆ. "ಕೈ ಬಂದ್ ಮಾಡು ಅಂದಿರಲಿಲ್ಲ. ಗಾಳಿ ಹಾಕಾಕತ್ತೇನಿ. ಈ ಮೂಲ್ಯಾಗ ಒಂದೀಟು ಉಳದಾವು ನೋಡು."

ಬಿದಿರು ತಿರುಗುತ್ತಿದ್ದ ಮೂಲೆಯಲ್ಲಿ ಒಂದು ಹಾಸಿಗೆಯಗಲ ನೀರು ಮಾತ್ರ ಇನ್ನೂ ಕಂದು ಬಣ್ಣದಲ್ಲಿತ್ತು. ಇಡೀ ಹೊಂಡಕ್ಕೆ ಒಬ್ಬ ಮುದುಕ ಎರಡು ದಿನ ಉಸಿರು ಊದಿದ್ದ. ನಾನು ಮಷೀನು ಚಾಲೂ ಮಾಡಿದೆ.

ಅಷ್ಟೊತ್ತಿಗೆ ಮಾಲಕರು ಬಂದರು. ಇನ್ನು ಐದು ದಿನಕ್ಕೆ ಸಾಹೇಬರ ತಪಾಸಣೆ. ನೀರು ಹೀಗೇ ಇದ್ದರೆ ಕಾರ್ಖಾನೆಗೆ ಬೀಗ. ಮೂಗಿಗೆ ರುಮಾಲು ಒತ್ತಿಕೊಂಡೇ ಕೂಗಿದರು. "ಯಾರಲೇ ಮಷೀನ ಬಂದ್ ಮಾಡಿದ್ದು? ಮಾಳಪ್ಪಾ, ನೀ ಇವತ್ತ ಮನಿಗೆ ನಡಿ!"

"ನೀವ ಹೇಳಿದ್ರೀ. ಫೋನಿನ್ಯಾಗ."

"ನಾನ?"

"ಹೂನ್ರೀ. ನಾ ಹೇಳೂತನಕಾ ಚಾಲೂ ಮಾಡಬ್ಯಾಡ, ತಿಳೀತಿಲ್ಲೋ, ಅಂದ್ರಿ."

ನಾನು ನಡುವೆ ನಿಂತಿದ್ದೆ. ಈಗ ಹೇಳಬೇಕು ಎಂದು ಬಾಯಿ ತೆರೆದೆ. ಖರೆ ಹೇಳುತ್ತೇನೆ, ತೆರೆದಿದ್ದೆ. ಅಷ್ಟರಲ್ಲಿ ಮಾಲಕರ ಮುಖ ಮೆತ್ತಗಾಯಿತು. ಅವರು ಹೊಂಡ ನೋಡಿದರು, ಮಷೀನು ನೋಡಿದರು, ಗೋಡೆಯ ಮೀಟರು ನೋಡಿದರು. ಎರಡು ಸಲ ಕೆಮ್ಮಿದರು. "ಅಂದಿದ್ದೆನೇನು?" ಎಂದರು ತಮ್ಮಷ್ಟಕ್ಕೆ. "ಅಂದಿರಬೇಕು ಬಿಡು."

ಧ್ವನಿ ಮಾಡುವವನಿಗೆ ಇದಕ್ಕಿಂತ ದೊಡ್ಡ ಬಿರುದು ಬೇರೆ ಇಲ್ಲ. ಯಾರ ಧ್ವನಿ ಮಾಡಿದೆನೋ ಅವರೇ ಅದು ತಮ್ಮದೆಂದು ಒಪ್ಪಿಕೊಂಡರು. ತೆರೆದ ಬಾಯಿ ಮುಚ್ಚಿದೆ. ಮಾಳಪ್ಪ ಕಾಕಾ ಒಂದು ಸಲ ನನ್ನ ಕಡೆ ನೋಡಿ, ಬಿದಿರನ್ನು ಗೋಡೆಗೆ ಆನಿಸಿಟ್ಟ.

ಉಳಿದ ಆ ಒಂದು ಮೂಲೆಯಿಂದ ಹೊಂಡ ತುಂಬ ಕುರಿ ಮರಿ ಹಾಕಲು ಐದು ದಿನ ಸಾಲುವುದಿಲ್ಲ. ಬೇರೆ ಕಡೆಯಿಂದ ಜೀವಂತ ರಾಡಿ ತಂದು ಹಾಕಬೇಕು. ನಾನು ಪುಸ್ತಕದ ಮಾತಿನಲ್ಲಿ ಇದನ್ನು ವಿವರಿಸಲು ಹೊರಟೆ. "ಹೆಪ್ಪು ತರೂಣು ಅನ್ನು," ಎಂದ ಕಾಕಾ.

ಅದು ಕಬ್ಬು ನುರಿಸುವ ದಿನಗಳು. ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ನೀರಿನ ಘಟಕ ಭರ್ತಿ ನಡೆದಿತ್ತು. ಮಾಲಕರು ಅಲ್ಲಿಯ ಮ್ಯಾನೇಜರರ ಒಪ್ಪಿಗೆ ಪಡೆದರು. ನಾವು ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರ್ ಕಟ್ಟಿಕೊಂಡು, ಕಬ್ಬಿನ ಗಾಡಿಗಳ ಸಾಲಿನ ಹಿಂದೆ ಇರುವೆಯ ಹಾಗೆ ಹರಿದು ತಲುಪುವಾಗ ಹೊತ್ತು ಮುಳುಗುತ್ತಿತ್ತು. ಅಲ್ಲಿಯ ಹೊಂಡದ ಒಡೆಯನನ್ನು ಎಲ್ಲರೂ ಪೈಲ್ವಾನ್ ಅನ್ನುತ್ತಿದ್ದರು. ಹರೆಯದಲ್ಲಿ ಕುಸ್ತಿ ಆಡಿದವನು, ಕಿವಿ ಎರಡೂ ಹಪ್ಪಳದ ಹಾಗೆ ಮುದುಡಿದ್ದವು. ಮ್ಯಾನೇಜರರ ಚೀಟಿ ನೋಡಿದ. ಆಮೇಲೆ ಮುಗಿಲು ನೋಡಿದ. ಆಗಷ್ಟೇ ಹತ್ತಿದ ಗೇಟಿನ ದೀಪ ನೋಡಿದ.

"ಏನ ಒಯ್ಯಾಕ ಬಂದೀರಿ?"

"ಹೆಪ್ಪು," ಎಂದ ಕಾಕಾ. ಹಾಳಾದ ಮಾತು! ರಾಡಿ ಎಂದಿದ್ದರೆ ಕೊಟ್ಟುಬಿಡುತ್ತಿದ್ದ.

"ಹೆಪ್ಪು ಆದ್ರ ಈಗ ಕೊಡಂಗಿಲ್ಲ. ದೀಪ ಹತ್ತೇತಿ. ನಮ್ಮವ್ವ ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡತಿರಲಿಲ್ಲ. ನಸಿಕಿನ್ಯಾಗ ಬರ್ರಿ."

"ಅಣ್ಣಾ, ಇದು ಗಟಾರದ ನೀರು!" ಎಂದೆ ನಾನು.

"ನಿನಗ ಗಟಾರ. ನನಗ ಹೊಂಡ." ಮಾತು ಮುಗಿಯಿತು. ಕಾಕಾ ಇದೇನೂ ವಿಚಿತ್ರವಲ್ಲ ಎಂಬಂತೆ ತಲೆಯಾಡಿಸಿ ಟ್ಯಾಂಕರಿನ ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ತೆಗೆದ. ಎಂಥ ಮಂದಿಯ ನಡುವೆ ಸಿಕ್ಕಿಕೊಂಡೆ ಎಂದು ನನಗೆ ಮೈಯೆಲ್ಲ ಉರಿ. ಐದು ದಿನದಲ್ಲಿ ಒಂದು ದಿನ ಇಲ್ಲೇ ಹೋಯಿತು. ತಟ್ಟನೆ ಒಂದು ಉಪಾಯ ಹೊಳೆಯಿತು. ಈ ಕಾರ್ಖಾನೆಯ ಮ್ಯಾನೇಜರರು ಒಂದು ತರಬೇತಿಯಲ್ಲಿ ಭಾಷಣ ಮಾಡಿದ್ದನ್ನು ಕೇಳಿದ್ದೆ. ಮೂಗಿನಲ್ಲಿ ಮಾತು, ವಾಕ್ಯಕ್ಕೊಂದು 'ಆ್ಯಕ್ಚುವಲಿ'. ಗೇಟಿನ ಫೋನಿನಿಂದ ಪೈಲ್ವಾನನಿಗೆ ಒಂದು ಮಾತು ಹೇಳಿದರೆ ಆಯಿತು.

"ಕಾಕಾ, ನಾ ಈಗ ಮ್ಯಾನೇಜರ್ ಆಗತೇನಿ ನೋಡು."

ಕಾಕಾ ಎಲೆಗೆ ಸುಣ್ಣ ಸವರುತ್ತಲೇ ಹೇಳಿದ. "ಬ್ಯಾಡ. ಒಮ್ಮೆ ಮಾಲಕ ಆಗಿದ್ದಿ, ಸಾಕು."

ಕಬ್ಬಿನ ಗಾಡಿಗಳ ಸದ್ದು, ಎತ್ತುಗಳ ಗೆಜ್ಜೆ, ಎಲ್ಲ ದೂರ ಹೋದ ಹಾಗಾಯಿತು. ಅವನ ಪಕ್ಕ ಮೆಟ್ಟಿಲ ಮೇಲೆ ಕೂತು ಕೇಳಿದೆ. "ಯಾವಾಗ ಗೊತ್ತಾತು?"

"ಬಿದಿರು ತಿರುವೂವಾಗ. ಮಾಲಕರ ಖೋಲಿಯಿಂದ ಫೋನು ಬಂದ್ರ ಹಿಂದ ಮಗ್ಗದ ಖಟಖಟ ಇರತೈತಿ. ಅವತ್ತ ನಳದ ನೀರಿನ ಸಪ್ಪಳ ಇತ್ತು. ಕುರಿ ಕಾಯಾವಗ ಕಿವಿ ಅಷ್ಟ ಅಲ್ಲೇನೋ ಇರೂದು? ಆದ್ರ ಮರುದಿನ ಹೊಳೀತು. ಹೊಳದ್ರೂ ಮನಸಿನ್ಯಾಗ ಒಂದು ಸಂಶೆ. ಖರೇನ ಮಾಲಕ್ರಾಗಿದ್ರ? ಚಾಲೂ ಮಾಡಿ ಕೆಲಸ ಕಳಕೊಂಡ್ರ?"

"ಮತ್ತ ಅವರ ಮುಂದ ಯಾಕ ಹೇಳಲಿಲ್ಲ? ನಿನಗ ಮನಿಗೆ ನಡಿ ಅಂದ್ರಲ್ಲ."

"ನೀ ಹೇಳತಿ ಅಂತ ದಾರಿ ನೋಡಿದೆ." ಎಲೆ ಬಾಯಿಗಿಟ್ಟುಕೊಂಡ. "ಬಾಯಿ ತೆರದಿದ್ದಿ, ನಾ ನೋಡೇನಿ. ಮುಚ್ಚಿದ್ದೂ ನೋಡೇನಿ. ಕುರಿ ಸತ್ತಾವಂತ ನಾಯಿನ್ನ ಬಡದು ಓಡಿಸಿದ್ರ, ನಾಳಿ ಕಾಯೂದು ಯಾರು?"

ನಾಯಿಗೆ ಹೋಲಿಸಿದ್ದಕ್ಕೆ ನಾನು ಬೇಸರ ಮಾಡಿಕೊಳ್ಳಲಿಲ್ಲ. ಮುಧೋಳದ ಸೀಮೆಯಲ್ಲಿ ನಾಯಿ ಎಂದರೆ ಕೆಲವು ಮನುಷ್ಯರಿಗಿಂತ ಮೇಲು, ಅವಕ್ಕೆ ವಂಶಾವಳಿ ಇದೆ. ಆದರೆ ಆ ಮಟ್ಟಕ್ಕೆ ನಾನು ಏರಿದ್ದೇನೆಯೇ ಎಂಬುದೇ ಪ್ರಶ್ನೆಯಾಗಿತ್ತು. ನಾಳೆಯೇ ಮಾಲಕರಿಗೆ ಹೇಳುತ್ತೇನೆ ಎಂದೆ.

"ಅವರಿಗೆ ಹೇಳಬ್ಯಾಡ," ಎಂದ ಕಾಕಾ. "ತಮ್ಮದ ತಪ್ಪು ಅಂತ ಅಂಜ್ಯಾರ. ಆ ಅಂಜಿಕಿ ಇರೂತನಕಾ ಮಷೀನ ನಿಲ್ಲಂಗಿಲ್ಲ. ನೀ ಏನರ ಹೇಳೂದಿದ್ರ ಮುಂಜಾನಿ ಆ ಪೈಲ್ವಾನ್ನ ಮುಂದ ಹೇಳು. ಹೆಪ್ಪು ನೀನ ಕೇಳಬೇಕು. ನಿನ್ನ ಧ್ವನೀಲೆ."

ನಸುಕಿನಲ್ಲಿ ಪೈಲ್ವಾನ್ ಮುಖ ತೊಳೆದು ಬಂದು ನಿಂತ. ನಾನು ಅವನ ಮುಂದೆ ಹೋದೆ. ನಿಮಗೆ ಹೇಗೆ ಹೇಳಲಿ, ಗಂಟಲಲ್ಲಿ ಸಾಲಾಗಿ ಎಲ್ಲರೂ ಬಂದರು. ಕಂಡಕ್ಟರ್ ಬಂದ, ಮಾಸ್ತರು ಬಂದರು, ಮಾಲಕರು ಕೆಮ್ಮಿದರು. ಒಬ್ಬೊಬ್ಬರನ್ನೇ ಪಕ್ಕಕ್ಕೆ ಸರಿಸಿದರೆ ಹಿಂದೆ ಗೋಡೆಗಂಟಿ ನಿಂತಿದ್ದ ಒಂದು ಸಣ್ಣ, ಒಡಕು ಧ್ವನಿ ಸಿಕ್ಕಿತು.

"ಅಣ್ಣಾರ, ನಾ ಚಾಷ್ಟಿ ಮಾಡಾಕ ಹೋಗಿ ನಮ್ಮ ಹೊಂಡ ಸಾಯಿಸೇನ್ರಿ. ಈ ಕಾಕಾಂದೇನೂ ತಪ್ಪಿಲ್ಲ. ಒಂದು ಟ್ಯಾಂಕರ್ ಹೆಪ್ಪು ಕೊಡ್ರಿ."

ಪೈಲ್ವಾನ್ ನನ್ನ ಮುಖ ನೋಡಿದ. "ಯಾಕಲೇ ತಮ್ಮಾ, ಗಂಟಲ ಕೆಟ್ಟೇತೇನು?"

ಅದೇ ನನ್ನ ಸ್ವಂತ ಧ್ವನಿಗೆ ಸಿಕ್ಕ ಮೊದಲ ವಿಮರ್ಶೆ. ಆದರೂ ಪೈಪು ಇಳಿಸಿ, ಕೈಯಾರೆ ಪಂಪು ಹಾಕಿ ಟ್ಯಾಂಕರ್ ತುಂಬಿಸಿಕೊಟ್ಟ. ಹೆಪ್ಪು ಕೊಟ್ಟ ಮನೆಯಿಂದ ಸುಮ್ಮನೆ ಹೋಗಬಾರದೆಂದು ಕಾಕಾ ಉಡಿಯಿಂದ ಒಂದು ಹೆಂಟೆ ಬೆಲ್ಲ ತೆಗೆದು ಕೊಟ್ಟ. ಸಕ್ಕರೆ ಕಾರ್ಖಾನೆಗೆ ಬೆಲ್ಲ! ಪೈಲ್ವಾನ್ ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡ.

ಮುಂದಿನ ನಾಲ್ಕು ದಿನ ನಾನು ಮನೆಗೆ ಹೋಗಲಿಲ್ಲ. ಅಂಗೈಗೆ ಅರಿವೆ ಸುತ್ತಿಕೊಂಡ ಕಾಕಾ ಕಟ್ಟೆಯ ಮೇಲೆ ಕೂತು ಹೇಳುವನು, ನಾನು ಮಾಡುವೆ. ಹೊಸ ಕುರಿ, ಒಮ್ಮೆಲೇ ಮೇವು ಹಾಕಬೇಡ. ಇವತ್ತು ಸ್ವಲ್ಪ ಗಂಜಿ ನೀರು. ನಾಳೆ ಇನ್ನೊಂದಿಷ್ಟು. ಜಾಡಿಯಲ್ಲಿ ಮೊದಲ ದಿನ ಒಂದು ಬೆರಳು ಕೂತಿತು, ಮೂರನೆಯ ದಿನ ಒಂದು ಗೇಣು. ನಾಲ್ಕನೆಯ ದಿನ ಬೆಳಿಗ್ಗೆ ಕಾಕಾ ಬೊಗಸೆ ನೀರು ಎತ್ತಿ, ತಾನು ಮೂಸದೆ ನನ್ನ ಮೂಗಿಗೆ ಹಿಡಿದ. ಮೋಡವಿಲ್ಲದ ಮುಗಿಲ ಕೆಳಗೆ ಮಳೆ ಬಿದ್ದ ಮಣ್ಣಿನ ವಾಸನೆ. ಅತ್ತೆನೇ? ಇಲ್ಲ. ಹೊಂಡದ ಹತ್ತಿರ ಯಾರಿಗಾದರೂ ಕಣ್ಣಲ್ಲಿ ನೀರು ಬರುತ್ತದೆ, ಸುಣ್ಣದ ಪುಡಿ.

ಸಾಹೇಬರು ಬಂದರು. ಮುಧೋಳದ ಮೀನುಗಳನ್ನು ಬಹಳ ಹೊತ್ತು ನೋಡಿ 'ಭಾರಿ ಛಲೋ ಅದಾವು' ಎಂದರು. ಎರಡನೆಯ ಹೊಂಡಕ್ಕೆ ಬೆನ್ನು ಹಾಕಿ ಚಹಾ ಕುಡಿದರು. ಎರಡು ಬಾಟಲಿ ನೀರು ಒಯ್ದರು, ನೀರು ಪಾಸಾಯಿತು. ಮಾಲಕರು ಮೀನಿಗೆ ಕೈ ಮುಗಿದರು. ಆಮೇಲೆ ಅವರು ಮೀಟರಿನ ಮುಂದೆ ನಿಂತಾಗಲೆಲ್ಲ ಎರಡು ಸಲ ಕೆಮ್ಮಿ, 'ಬ್ಯಾಡಪಾ, ಒಮ್ಮೆ ನಾನ ಹೇಳಿ ಕೆಡಿಸೇನಿ' ಎಂದು ತಮಗೆ ತಾವೇ ಬುದ್ಧಿ ಹೇಳಿಕೊಂಡು ಹೋಗುತ್ತಿದ್ದರು. ನೋಟೀಸಿನಿಂದ ಆಗದ ಕೆಲಸ ನನ್ನ ಕಳ್ಳ ಕೆಮ್ಮಿನಿಂದ ಆಯಿತು. ಇದರಲ್ಲಿ ನೀತಿ ಏನಿದೆ ಎಂದು ಕೇಳಬೇಡಿ, ನಾನು ಇನ್ನೂ ಹುಡುಕುತ್ತಿದ್ದೇನೆ. ಕಾಕಾ ಈಗ ಹುನ್ನೂರಿನಲ್ಲಿ ದೊಡ್ಡಿಯ ಮುಂದೆ ಕೂತು ತಮ್ಮನ ನಿಜವಾದ ಕುರಿಗಳನ್ನು ನೋಡಿಕೊಂಡಿದ್ದಾನೆ. ಹೋದಾಗಲೆಲ್ಲ ಒಂದೇ ದೂರು. "ಇವು ಮಾತ ಕೇಳಂಗಿಲ್ಲೋ. ಕಾಣಲಾರದ ಕುರೀನ ಶಾಣ್ಯಾ ಇದ್ದವು."

ಮೊನ್ನೆ ಗಂಗಕ್ಕ ಹೋದ ಮೇಲೆ ಇದೆಲ್ಲ ನೆನೆಸುತ್ತ ಮಲಗಿದೆ. ಮುಂಜಾನೆ ಅವ್ವ ಏಳುವುದರೊಳಗೆ ವಾಟಗದಲ್ಲಿ ಎರಡು ಚಮಚ ಮೊಸರು ಹಾಕಿಕೊಂಡು ಹೋಗಿ ಬಾಜೂ ಮನೆಯ ಕದ ತಟ್ಟಿದೆ. ಕಂಡಕ್ಟರ್ ನಾಲಿಗೆಯ ತುದಿಗೆ ಬಂದಿದ್ದ, 'ಇಳೀರಿ ಇಳೀರಿ' ಅನ್ನಲು. ಅವನನ್ನು ಹಿಂದಕ್ಕೆ ಕಳಿಸಿದೆ.

ಒಳಗಿನಿಂದ ಗಂಗಕ್ಕ ಕೇಳಿದಳು. "ಯಾರು?"

"ನಾನ್ರೀ ಅಕ್ಕಾ. ಹೆಪ್ಪು ತಂದೇನಿ."

ಒಳಗೆ ಗುಸುಗುಸು. ಗಂಡನಿಗೆ ಹೇಳುತ್ತಿದ್ದಳು, ಯಾರೋ ಪರಊರಿನವ ಬಂದಾನ, ಏಳ್ರಿ ಎಂದು. ಆಮೇಲೆ ಕದದ ಹತ್ತಿರ ಬಂದಳು.

"ನಾನಂದ್ರ ಯಾರು? ಈ ಧ್ವನಿ ನಮ್ಮ ಓಣ್ಯಾಗ ಕೇಳೇ ಇಲ್ಲಲ್ಲ?"

ಬಾಜೂ ಮನೆಯವನು ಎಂದು ಹೇಳಿ, ಹೆಸರು ಹೇಳಿ, ಅವ್ವನ ಹೆಸರನ್ನೂ ಹೇಳಿದೆ. ಅಗಳಿ ಸರಿದು ಕದ ನಾಲ್ಕು ಬೆರಳು ತೆರೆಯಿತು. ಗಂಗಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ವಾಟಗ ಇಸಿದುಕೊಂಡು, ಮೊಸರು ಮೂಸಿ ನೋಡಿ ನಕ್ಕಳು.

"ಖರೆ ಹೇಳಲೇ, ಇದು ಯಾರ ಧ್ವನಿ? ಅಷ್ಟು ಛಲೋ ಬಂದಿಲ್ಲ ನೋಡು. ಇನ್ನ ಜರಾ ರೂಢಿ ಮಾಡು."

ಮಾಡುತ್ತೇನೆ ಎಂದೆ.